ಬೀಜದಿಂದ ನಿಂಬೆ, ಕಿತ್ತಳೆ, ಚಕ್ಕೋತ: ಪದೇ ಪದೇ ಕೇಳುವ ಪ್ರಶ್ನೆಗಳು

ತಿಂದ ಹಣ್ಣಿನ ಬೀಜವನ್ನು ಕುಂಡದ ಮೂಲೆಯಲ್ಲಿ ಒತ್ತಿ, ಅದು ಮೊಳೆತಾಗ ಖುಷಿಪಟ್ಟವರು ಎಷ್ಟೋ ಜನ. ಆ ಗಿಡ ಮೊಣಕಾಲೆತ್ತರ ಬರುವ ಹೊತ್ತಿಗೆ ಯಾರಾದರೂ ಬಂದು ‘ಬೀಜದ ಗಿಡ ಹಣ್ಣು ಬಿಡಲ್ಲ, ಕಿತ್ತು ಹಾಕಿ’ ಎನ್ನುತ್ತಾರೆ. ಆ ಮಾತು ನಂಬಿ ಕಿತ್ತ ಗಿಡಗಳಲ್ಲಿ ಒಳ್ಳೆಯ ಮರಗಳಾಗುವಂಥವು ಬಹಳ ಇದ್ದವು. ನಾನು ಹತ್ತಾರು ವರ್ಷಗಳಿಂದ ಬೀಜ ಹಾಕಿಯೇ ಈ ಜಾತಿಯ ಗಿಡ ಬೆಳೆಸುತ್ತಿದ್ದೇನೆ. ಜನ ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಬೀಜದ ಗಿಡ ನಿಜವಾಗಿಯೂ ಹಣ್ಣು ಬಿಡುತ್ತದಾ?

ಬಿಡುತ್ತದೆ. ಕಸಿ ಗಿಡಕ್ಕಿಂತ ತಡವಾಗಿ ಬಿಡುತ್ತದೆ, ಅಷ್ಟೇ. ಸಣ್ಣ ಹುಳಿ ನಿಂಬೆ ಚೆನ್ನಾಗಿ ನೋಡಿಕೊಂಡರೆ 3ರಿಂದ 6 ವರ್ಷದಲ್ಲಿ ಹೂ ಬಿಡುತ್ತದೆ. ಸಿಪ್ಪೆ ಸಡಿಲವಾಗಿ ಬಿಡಿಸಿಕೊಳ್ಳುವ ಕಿತ್ತಳೆಗೆ 5ರಿಂದ 8 ವರ್ಷ. ಮೋಸಂಬಿ ಮತ್ತು ಸಿಪ್ಪೆ ಅಂಟಿಕೊಂಡಿರುವ ಸಿಹಿ ಕಿತ್ತಳೆಗೆ 7ರಿಂದ 10 ವರ್ಷ, ಚಕ್ಕೋತಕ್ಕೂ ಹೆಚ್ಚು ಕಡಿಮೆ ಅಷ್ಟೇ. ಕುಂಡದಲ್ಲಿ ಇಕ್ಕಟ್ಟಾಗಿ ಬೆಳೆದರೆ ಇನ್ನೂ ತಡವಾಗಬಹುದು.

ತಾಯಿ ಮರದ ಹಣ್ಣಿನಂತೆಯೇ ಬರುತ್ತದಾ, ಬೇರೆ ಆಗುತ್ತದಾ?

ಬಹಳ ಜನ ‘ಬೀಜದಿಂದ ಬಂದದ್ದು ಯಾವತ್ತೂ ತಾಯಿಯ ಹಾಗೆ ಇರಲ್ಲ’ ಎನ್ನುತ್ತಾರೆ. ಮಾವಿನ ಎಷ್ಟೋ ತಳಿಗಳಿಗೆ, ಸೇಬಿಗೆ ಆ ಮಾತು ಒಪ್ಪುತ್ತದೆ. ನಿಂಬೆ ಜಾತಿಗೆ ಅರ್ಧ ಮಾತ್ರ ಒಪ್ಪುತ್ತದೆ.

ಸಾಮಾನ್ಯವಾಗಿ ಒಂದು ಬೀಜದೊಳಗೆ ಒಂದೇ ಭ್ರೂಣ ಇರುತ್ತದೆ. ಅದು ತಾಯಿ ಹೂವಿನ ಅಂಡ ಮತ್ತು ಯಾವುದೋ ಹೂವಿನ ಪರಾಗ ಸೇರಿ ಆದ ಮಗು. ಆದರೆ ಕಿತ್ತಳೆ, ನಿಂಬೆಯ ಹಲವು ಜಾತಿಗಳ ಬೀಜದಲ್ಲಿ ಎರಡು, ಮೂರು, ಕೆಲವೊಮ್ಮೆ ಇನ್ನೂ ಜಾಸ್ತಿ ಭ್ರೂಣಗಳು ಇರುತ್ತವೆ. ಸೂಕ್ಷ್ಮದರ್ಶಕಕ್ಕೆ ಹೆಸರಾದ ಡಚ್ ವಿಜ್ಞಾನಿ ಆಂಟನಿ ವಾನ್ ಲೀವನ್‌ಹುಕ್ 1719ರಲ್ಲೇ ಕಿತ್ತಳೆ ಬೀಜದಲ್ಲಿ ಇದನ್ನು ಗಮನಿಸಿದ್ದ. ಅವುಗಳಲ್ಲಿ ಹೆಚ್ಚೆಂದರೆ ಒಂದು ಮಾತ್ರ ಪರಾಗದಿಂದ ಹುಟ್ಟಿದ್ದು. ಉಳಿದವು ಬೀಜದೊಳಗಿನ ತಾಯಿಯದೇ ಅಂಗಾಂಶದಿಂದ ಎದ್ದವು. ತಂದೆಯ ಪಾಲು ಅವುಗಳಲ್ಲಿ ಇಲ್ಲವೇ ಇಲ್ಲ. ಅಂದರೆ ಅವು ತಾಯಿ ಮರದ ಪಡಿಯಚ್ಚು. ರೆಂಬೆ ಕತ್ತರಿಸಿ ಬೇರು ಬರಿಸಿದರೆ ಹೇಗೋ, ಹಾಗೆ.

ಸಣ್ಣ ಹುಳಿ ನಿಂಬೆ, ಸಿಹಿ ಕಿತ್ತಳೆ, ಹೆಚ್ಚಿನ ಸಡಿಲ ಸಿಪ್ಪೆಯ ಕಿತ್ತಳೆಗಳು, ಗ್ರೇಪ್‌ಫ್ರೂಟ್, ಇವೆಲ್ಲ ಬಹು ಭ್ರೂಣದವು. ಇವುಗಳ ಬೀಜ ಹಾಕಿದರೆ ತಾಯಿಯಂಥದೇ ಹಣ್ಣು ಸಿಗುವ ಸಾಧ್ಯತೆ ಚೆನ್ನಾಗಿದೆ. ಚಕ್ಕೋತ, ಮಾದಳ ಮತ್ತು ಕ್ಲೆಮಂಟೈನ್ ಎಂಬ ಕಿತ್ತಳೆ ಒಂದೇ ಭ್ರೂಣದವು. ಇವುಗಳ ಪ್ರತಿ ಸಸಿಯೂ ಹೊಸ ಗಿಡ. ಹಣ್ಣು ತಾಯಿಗಿಂತ ಚೆನ್ನಾಗಿರಬಹುದು, ಕಹಿಯಾಗಿಯೂ ಇರಬಹುದು.

ಒಂದೇ ಬೀಜದಿಂದ ಮೂರು ಸಸಿ ಬಂದಿವೆ. ಯಾವುದನ್ನು ಇಟ್ಟುಕೊಳ್ಳಲಿ?

ಈ ಪ್ರಶ್ನೆ ಕೇಳಿದಾಗಲೆಲ್ಲ ನನಗೆ ಖುಷಿ. ಬಹು ಭ್ರೂಣದ ಬೀಜ ಎನ್ನುವುದಕ್ಕೆ ಅದೇ ಸಾಕ್ಷಿ ಅಲ್ವಾ?

ತಾಯಿಯಂಥ ಗಿಡ ಬೇಕಿದ್ದರೆ ಒಂದು ಬೀಜಕ್ಕೆ ನಿಲ್ಲಬೇಡಿ, ಹತ್ತು ಬೀಜ ಹಾಕಿ. ಸಸಿಗಳಿಗೆ ಐದಾರು ಎಲೆ ಬಂದ ಮೇಲೆ ಎಲ್ಲವನ್ನೂ ಸಾಲಾಗಿ ಇಟ್ಟು ನೋಡಿ. ಹೆಚ್ಚಿನವು ಒಂದೇ ಎತ್ತರ, ಒಂದೇ ಬಣ್ಣ, ಒಂದೇ ಆಕಾರದ ಎಲೆ ಹೊತ್ತು ನಿಂತಿರುತ್ತವೆ. ಅವು ಪಡಿಯಚ್ಚುಗಳು. ಒಂದೋ ಎರಡೋ ಮಾತ್ರ ಗುಂಪಿಗೆ ಸೇರದ ಹಾಗೆ ಕಾಣುತ್ತವೆ: ತೀರಾ ಕುಳ್ಳಗೆ, ಎಲೆ ಕಿರಿದಾಗಿ ಅಥವಾ ಕಾಂಡ ಸೊಟ್ಟಗೆ. ಪರಾಗದಿಂದ ಹುಟ್ಟಿದ ಸಸಿ ಬಹಳ ಸಲ ಅದೇ ಆಗಿರುತ್ತದೆ, ಒಳಗಿನ ಪೈಪೋಟಿಯಲ್ಲಿ ಸೊರಗಿರುತ್ತದೆ. ಅದನ್ನು ಬಿಟ್ಟು, ಗುಂಪಿನ ಹಾಗೆ ಕಾಣುವ ಗಟ್ಟಿ ಸಸಿಗಳನ್ನು ಉಳಿಸಿಕೊಳ್ಳಿ. ಇದು ನೂರಕ್ಕೆ ನೂರು ಖಾತ್ರಿಯ ಲೆಕ್ಕವಲ್ಲ, ಆದರೆ ಕಣ್ಣಿನ ಅಳತೆಗೆ ಸಿಗುವ ಒಳ್ಳೆಯ ದಾರಿ.

ಒಂದೇ ಬೀಜದ ಸಸಿಗಳ ಬೇರು ಹೆಣೆದುಕೊಂಡಿರುತ್ತದೆ. ಎರಡು ಎಲೆ ಇರುವಾಗಲೇ ಮಣ್ಣು ಸಮೇತ ಎತ್ತಿ, ನೀರಿನಲ್ಲಿ ಅಲ್ಲಾಡಿಸಿ ಬಿಡಿಸಿ. ಎಳೆಯಬೇಡಿ.

ಹೊಸಬರು ಯಾವುದರಿಂದ ಶುರು ಮಾಡಬೇಕು?

ಸಣ್ಣ ಹುಳಿ ನಿಂಬೆ. ಬೇಗ ಮೊಳೆಯುತ್ತದೆ, ಬೇಗ ಹೂ ಬಿಡುತ್ತದೆ, ತಾಯಿಯಂತೆಯೇ ಬರುತ್ತದೆ. ಚಳಿ ಮಾತ್ರ ಇದಕ್ಕೆ ಆಗುವುದಿಲ್ಲ. ಹಿಮ ಬೀಳುವ ಕಡೆ ಇರುವವರು ಕುಂಡದಲ್ಲಿ ಬೆಳೆಸಿ, ಚಳಿಗಾಲದಲ್ಲಿ ಒಳಗೆ ಇಡಬೇಕು.

ಬೀಜವನ್ನು ಒಣಗಿಸಿ ಇಟ್ಟುಕೊಂಡು ಆಮೇಲೆ ಹಾಕಬಹುದಾ?

ದಯವಿಟ್ಟು ಬೇಡ. ಕಾಳು, ತರಕಾರಿ ಬೀಜದ ಅಭ್ಯಾಸದಿಂದ ನಾನೂ ಮೊದಲ ವರ್ಷ ಕಿತ್ತಳೆ ಬೀಜಗಳನ್ನು ವಾರಗಟ್ಟಲೆ ಬಿಸಿಲಿಗೆ ಹಾಕಿದ್ದೆ. ಒಂದೂ ಹುಟ್ಟಲಿಲ್ಲ. ಈ ಬೀಜಗಳು ಪೂರ್ತಿ ಒಣಗಿದರೆ ಸಾಯುತ್ತವೆ. ಹಣ್ಣಿನಿಂದ ತೆಗೆದ ದಿನವೇ ಹಾಕುವುದು ಎಲ್ಲಕ್ಕಿಂತ ಒಳ್ಳೆಯದು.

ಬೀಜವನ್ನು ಚೆನ್ನಾಗಿ ತೊಳೆದು ಮೇಲಿನ ಲೋಳೆ, ತಿರುಳು ತೆಗೆಯಿರಿ. ತಿರುಳಿನ ಸಕ್ಕರೆಗೆ ಬೂಸ್ಟು ಬರುತ್ತದೆ. ಕೆಲವು ದಿನ ತಡೆಯಲೇಬೇಕಾದರೆ ನೆರಳಲ್ಲಿ ಮೇಲ್ಮೈ ಮಾತ್ರ ಆರಿಸಿ, ಒದ್ದೆ ಮಾಡಿ ಹಿಂಡಿದ ಕಾಗದದಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಫ್ರಿಜ್ಜಿನ ಕೆಳಗಿನ ತಟ್ಟೆಯಲ್ಲಿ ಇಡಿ. ಫ್ರೀಜರಿನಲ್ಲಿ ಬೇಡ.

ನನ್ನ ಹಣ್ಣಿನಲ್ಲಿ ಬೀಜವೇ ಇಲ್ಲ. ಏನು ಮಾಡಲಿ?

ಅಂಥ ತಳಿಗಳನ್ನು ಕಸಿಯಿಂದ ಮಾತ್ರ ಬೆಳೆಸುತ್ತಾರೆ. ಹೊಕ್ಕುಳಿರುವ ನೇವಲ್ ಕಿತ್ತಳೆ ಬ್ರೆಜಿಲ್‌ನ ಬಹಿಯಾದಲ್ಲಿ ಸಿಕ್ಕ ತಳಿ. 1870ರಲ್ಲಿ ಅದರ ಗಿಡಗಳು ವಾಷಿಂಗ್ಟನ್ನಿಗೆ ಬಂದವು, ಅಲ್ಲಿಂದ ಕ್ಯಾಲಿಫೋರ್ನಿಯಾಕ್ಕೆ ಹೋದವು. ಅದರ ಕಣ್ಣು, ಅಂದರೆ ಎಲೆಯ ಬುಡದ ಮೊಗ್ಗು, ಒಂದು ಮರದಿಂದ ಇನ್ನೊಂದಕ್ಕೆ ಕಸಿಯಾಗುತ್ತಲೇ ಅದು ಲೋಕವೆಲ್ಲ ಹರಡಿತು. ಬೀಜವಿರುವ ಬೇರೆ ಹಣ್ಣು ಹುಡುಕಿಕೊಳ್ಳಿ.

ಬೀಜದ ಸಿಪ್ಪೆ ಸುಲಿಯಬೇಕಾ?

ಸುಲಿದರೆ ಬೇಗ ಮೊಳೆಯುತ್ತದೆ, ಸುಲಿಯದಿದ್ದರೂ ಮೊಳೆಯುತ್ತದೆ. ಸುಲಿಯುವುದಾದರೆ ಮೊದಲು ಕೆಲವು ಗಂಟೆ ನೀರಿನಲ್ಲಿ ನೆನೆಸಿ, ಅಗಲವಾದ ತುದಿಯಿಂದ ಉಗುರಿನಲ್ಲಿ ಬಿಡಿಸಿ. ಚೂಪು ತುದಿಯ ಕಡೆ ಕೈ ಹಾಕಬೇಡಿ. ಬೇರು ಹೊರಡುವುದು ಅಲ್ಲಿಂದಲೇ.

ಎಂಥ ಮಣ್ಣು? ಎಷ್ಟು ಆಳ? ಎಷ್ಟು ದಿನ?

ನೀರು ನಿಲ್ಲದ ಸಡಿಲ ಮಿಶ್ರಣ ಸಾಕು. ನಾನು ತೆಂಗಿನ ನಾರಿನ ಪುಡಿ, ದಪ್ಪ ಮರಳು, ಚೆನ್ನಾಗಿ ಕಳಿತ ಗೊಬ್ಬರ ಬೆರೆಸುತ್ತೇನೆ. ಗೊಬ್ಬರ ಸ್ವಲ್ಪವೇ ಇರಲಿ. ಮೊದಲ ವಾರಗಳ ಊಟ ಬೀಜದೊಳಗೇ ಇರುತ್ತದೆ. ಒಂದರಿಂದ ಒಂದೂವರೆ ಸೆಂಟಿಮೀಟರ್ ಆಳಕ್ಕೆ ಹಾಕಿ ಮುಚ್ಚಿ. ಕುಂಡ ಅಗಲವಾಗಿರುವುದಕ್ಕಿಂತ ಉದ್ದವಾಗಿರಲಿ, ತಾಯಿಬೇರು ನೇರ ಕೆಳಗೆ ಇಳಿಯುತ್ತದೆ. ತಳದಲ್ಲಿ ತೂತು ಇರಲೇಬೇಕು.

ಬೆಳಕಿಗಿಂತ ಈ ಬೀಜಕ್ಕೆ ಬೇಕಾದದ್ದು ಬೆಚ್ಚನೆಯ ಮಣ್ಣು. 25ರಿಂದ 30 ಡಿಗ್ರಿ ಸೆಲ್ಸಿಯಸ್ ಇದ್ದರೆ ಎರಡರಿಂದ ನಾಲ್ಕು ವಾರದಲ್ಲಿ ಹಸಿರು ಕಾಣುತ್ತದೆ. ಮಣ್ಣು ತಣ್ಣಗಿದ್ದರೆ ಎರಡು ತಿಂಗಳೂ ಹಿಡಿಯಬಹುದು. ಇನ್ನೂ ಬಂದಿಲ್ಲ ಎಂದು ದಿನಾ ಕೆದಕಿ ನೋಡಬೇಡಿ. ನೋಡಲೇಬೇಕೆನಿಸಿದರೆ ಒಂದೇ ಒಂದು ಬೀಜ ತೆಗೆದು ಒತ್ತಿ ನೋಡಿ. ಗಟ್ಟಿ ಇದ್ದರೆ ಜೀವ ಇದೆ, ಮೆತ್ತಗೆ ಕೊಳೆತಿದ್ದರೆ ಹೋಯಿತು.

ಮೊಳೆತ ಸಸಿ ಪೂರ್ತಿ ಬಿಳಿ ಬಣ್ಣದ್ದಾಗಿದೆ. ಉಳಿಯುತ್ತದಾ?

ಇಲ್ಲ. ಎಲೆಯಲ್ಲಿ ಹಸಿರು ಇಲ್ಲದೆ ಅದು ಆಹಾರ ಮಾಡಿಕೊಳ್ಳಲಾರದು. ಬೀಜದ ಸಿಪ್ಪೆಯ ಕೆಳಗೆ ಸೇರಿಕೊಂಡ ಬೂಸ್ಟಿನಿಂದ ಹೀಗಾಗುವುದುಂಟು. ತೊಳೆದು, ಸುಲಿದು ಹಾಕಿದರೆ ಇಂಥವು ಕಡಿಮೆ.

ಚೆನ್ನಾಗಿದ್ದ ಸಸಿ ಒಂದು ಬೆಳಗ್ಗೆ ಬುಡ ಕೊಳೆತು ಬಿದ್ದಿತ್ತು. ಯಾಕೆ?

ನೀರು ಜಾಸ್ತಿ, ಗಾಳಿ ಕಡಿಮೆ. ಒದ್ದೆ ಮಣ್ಣಿನ ಶಿಲೀಂಧ್ರಗಳು ಎಳೆಯ ಕಾಂಡವನ್ನು ಮಣ್ಣಿನ ಮಟ್ಟದಲ್ಲೇ ತಿನ್ನುತ್ತವೆ. ಬಿದ್ದ ಸಸಿಯನ್ನು ಉಳಿಸಲು ಆಗುವುದಿಲ್ಲ, ಪಕ್ಕದವನ್ನು ಉಳಿಸಬಹುದು. ಮುಚ್ಚಿದ ಪ್ಲಾಸ್ಟಿಕ್ ಇದ್ದರೆ ತೆಗೆಯಿರಿ, ಮೇಲ್ಮಣ್ಣು ಆರಲು ಬಿಡಿ, ಗಾಳಿ ಆಡುವಲ್ಲಿ ಇಡಿ. ಮುಂದಿನ ಸಲ ಬಳಸಿದ ಮಣ್ಣನ್ನೇ ಮತ್ತೆ ಬೀಜಕ್ಕೆ ಹಾಕಬೇಡಿ.

ಬಿಸಿಲು, ನೀರು ಎಷ್ಟು ಬೇಕು?

ಮೊದಲ ನಾಲ್ಕು ಎಲೆ ಬರುವ ತನಕ ಬೆಳಗಿನ ಬಿಸಿಲು, ಮಧ್ಯಾಹ್ನ ನೆರಳು. ಆಮೇಲೆ ಒಂದೆರಡು ವಾರದಲ್ಲಿ ನಿಧಾನವಾಗಿ ಪೂರ್ತಿ ಬಿಸಿಲಿಗೆ ಒಗ್ಗಿಸಿ. ದೊಡ್ಡ ಗಿಡಕ್ಕೆ ದಿನಕ್ಕೆ ಆರೇಳು ಗಂಟೆಯ ನೇರ ಬಿಸಿಲು ಬೇಕು.

ನೀರಿಗೆ ಗಡಿಯಾರ ನೋಡಬೇಡಿ, ಬೆರಳು ಇಳಿಸಿ ನೋಡಿ. ಎರಡು ಗೆಣ್ಣು ಆಳದಲ್ಲಿ ಒಣಗಿದ್ದರೆ ಕುಂಡದ ತಳದಿಂದ ಹರಿಯುವ ತನಕ ಕೊಡಿ. ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿಬಿಡಿ. ದಿನಾ ಒಂದು ಲೋಟ ಸುಮ್ನೆ ಮೇಲೆ ಹುಯ್ಯುವುದರಿಂದ ಬೇರು ಮೇಲೇ ಉಳಿಯುತ್ತದೆ.

ಎಲೆ ಹಳದಿ ಆಗುತ್ತಿದೆ. ಯಾವ ಗೊಬ್ಬರ ಹಾಕಲಿ?

ಗೊಬ್ಬರದ ಚೀಲಕ್ಕೆ ಕೈ ಹಾಕುವ ಮೊದಲು ಎಲೆಯನ್ನು ಓದಿ. ಯಾವ ಎಲೆ, ಹೇಗೆ ಹಳದಿ ಎನ್ನುವುದರಲ್ಲೇ ಉತ್ತರ ಇದೆ.

ಕೆಳಗಿನ ಹಳೆಯ ಎಲೆಗಳು ಪೂರ್ತಿ ಒಂದೇ ಸಮ ಹಳದಿಯಾದರೆ ಸಾರಜನಕ ಸಾಲದು. ಎರೆಗೊಬ್ಬರ, ಕೊಟ್ಟಿಗೆ ಗೊಬ್ಬರ ಅಥವಾ ಹಿಂಡಿ ಕೊಡಿ. ಹಳೆಯ ಎಲೆಯ ಅಂಚು ಹಳದಿಯಾಗಿ, ತೊಟ್ಟಿನ ಹತ್ತಿರ ತಲೆಕೆಳಗಾದ ವಿ ಅಕ್ಷರದ ಹಾಗೆ ಹಸಿರು ಉಳಿದರೆ ಮೆಗ್ನೀಸಿಯಂ ಕೊರತೆ. ಹೊಸ ಚಿಗುರಿನಲ್ಲಿ ನರಗಳು ಹಸಿರಾಗಿದ್ದು ನಡುವಿನ ಭಾಗ ಹಳದಿಯಾದರೆ ಕಬ್ಬಿಣದ ಕೊರತೆ. ಹೊಸ ಎಲೆ ಸಣ್ಣದಾಗಿ, ಕಿರಿದಾಗಿ, ಮಚ್ಚೆಯಾಗಿ ಬಂದರೆ ಸತು ಸಾಲದು.

ಇಲ್ಲೊಂದು ಮುಖ್ಯ ಮಾತು. ಕಬ್ಬಿಣ ಮಣ್ಣಿನಲ್ಲಿ ಇದ್ದರೂ ಗಿಡಕ್ಕೆ ಸಿಗದೇ ಹೋಗಬಹುದು. ಮಣ್ಣಿನ ಪಿಎಚ್ (ಹುಳಿ-ಕ್ಷಾರದ ಅಳತೆ) 7 ದಾಟಿ ಸುಣ್ಣ ಜಾಸ್ತಿಯಾದರೆ ಅಥವಾ ಬೇರು ನೀರಿನಲ್ಲಿ ನೆನೆದು ಉಸಿರು ಕಟ್ಟಿದರೆ ಹೀಗಾಗುತ್ತದೆ. ಈ ಗಿಡಗಳಿಗೆ 6ರಿಂದ 6.5ರ ಪಿಎಚ್ ಚೆನ್ನಾಗಿ ಒಗ್ಗುತ್ತದೆ. ಆದ್ದರಿಂದ ಮೊದಲು ಕುಂಡದ ತೂತು ಕಟ್ಟಿಕೊಂಡಿದೆಯಾ ನೋಡಿ. ನಾನು ನೋಡಿದ ಹಳದಿ ಗಿಡಗಳಲ್ಲಿ ಬಹುಪಾಲು ಹಸಿದಿರಲಿಲ್ಲ, ಮುಳುಗಿದ್ದವು.

ಇಷ್ಟೊಂದು ಮುಳ್ಳು ಯಾಕೆ? ಕಾಡು ಗಿಡ ಆಗಿಬಿಟ್ಟಿತಾ?

ಇಲ್ಲ. ಉದ್ದ ಮುಳ್ಳು ಎಳೆತನದ ಗುರುತು. ಬೀಜದ ಸಿಹಿ ಕಿತ್ತಳೆಗೂ ಮೊದಲ ವರ್ಷಗಳಲ್ಲಿ ಬೆರಳುದ್ದದ ಮುಳ್ಳು ಇರಬಹುದು. ಗಿಡಕ್ಕೆ ವಯಸ್ಸಾದಂತೆ, ಮೇಲಿನ ರೆಂಬೆಗಳಲ್ಲಿ ಮುಳ್ಳು ಗಿಡ್ಡವಾಗುತ್ತಾ ಬರುತ್ತದೆ. ತುದಿಯಲ್ಲಿ ಮುಳ್ಳು ಕಡಿಮೆಯಾಗಿರುವುದು ಕಂಡರೆ ಸಂತೋಷಪಡಿ, ಹೂವಿನ ಕಾಲ ಹತ್ತಿರ ಬರುತ್ತಿದೆ.

ಗಿಡ ಪೊದೆಯಾಗಲಿ ಎಂದು ತುದಿ ಚಿವುಟಬಹುದಾ?

ಈ ಪುಟದಲ್ಲಿ ಒಂದೇ ಒಂದು ಉತ್ತರ ಓದುವುದಾದರೆ ಇದನ್ನು ಓದಿ: ಬೀಜದ ಗಿಡದ ತುದಿ ಕತ್ತರಿಸಬೇಡಿ.

ಬೀಜದಿಂದ ಬಂದ ನಿಂಬೆ ಜಾತಿಯ ಗಿಡಕ್ಕೆ ಒಂದು ಬಾಲ್ಯ ಇರುತ್ತದೆ. ಆ ಹೊತ್ತಿನಲ್ಲಿ ಎಷ್ಟೇ ಗೊಬ್ಬರ ಹಾಕಿದರೂ ಹೂ ಬರುವುದಿಲ್ಲ. ಗಿಡ ತನ್ನ ವಯಸ್ಸನ್ನು ತುದಿಯಲ್ಲಿ ಹೊತ್ತುಕೊಂಡಿರುತ್ತದೆ. ಕಾಂಡ ಒಂದೊಂದೇ ಗೆಣ್ಣು (ಎಲೆ ಹುಟ್ಟುವ ಗಂಟು) ಹಾಕುತ್ತಾ ಮೇಲೆ ಹೋಗುತ್ತದೆ. ಬುಡದಿಂದ ಇಷ್ಟು ಗೆಣ್ಣು ದಾಟಿದ ಮೇಲೆ ಬರುವ ಚಿಗುರು ಮಾತ್ರ ಪ್ರಾಯಕ್ಕೆ ಬಂದದ್ದು, ಹೂ ಬಿಡಬಲ್ಲದ್ದು. ಮರ ದೊಡ್ಡದಾದ ಮೇಲೂ ಬುಡದ ಭಾಗ ಎಳೆಯದಾಗಿಯೇ ಉಳಿಯುತ್ತದೆ. ಅದಕ್ಕೇ ಹಣ್ಣು ಬಿಡುವ ಬೀಜದ ಮರದ ಬುಡದಲ್ಲಿ ಹೊರಡುವ ಚಿಗುರಿಗೆ ಇವತ್ತಿಗೂ ಉದ್ದ ಮುಳ್ಳು ಇರುತ್ತದೆ.

ತುದಿ ಕತ್ತರಿಸಿದಾಗ ಗಿಡ ಎಣಿಸಿಕೊಂಡು ಬಂದ ಆ ಗೆಣ್ಣುಗಳನ್ನೇ ನಾವು ಎಸೆಯುತ್ತೇವೆ. ಕೆಳಗಿನ ಕಣ್ಣು ಚಿಗುರುತ್ತದೆ, ಅದು ಹಿಂದಿನಿಂದ ಮತ್ತೆ ಎಣಿಸಬೇಕು. ನನ್ನ ಮೊದಲ ಸಿಹಿ ಕಿತ್ತಳೆಯನ್ನು ದುಂಡಗೆ ಚಂದ ಕಾಣಲಿ ಎಂದು ಪ್ರತಿ ವರ್ಷ ಸವರುತ್ತಿದ್ದೆ. ಹತ್ತು ವರ್ಷವಾದರೂ ಒಂದು ಮೊಗ್ಗಿಲ್ಲ. ಅದೇ ಹಣ್ಣಿನ ಇನ್ನೊಂದು ಸಸಿ ಹಿತ್ತಲ ಮೂಲೆಯಲ್ಲಿ ಕತ್ತರಿ ಕಾಣದೆ ಬೆಳೆದಿತ್ತು. ಒಂಬತ್ತನೆಯ ವರ್ಷ ಅದರ ನೆತ್ತಿಯಲ್ಲಿ ಹೂ ಅರಳಿತು. ಆ ಪರಿಮಳ ಹಿಡಿದು ಹೋಗಿ ತಲೆ ಎತ್ತಿ ನೋಡಿದ ದಿನದಿಂದ ನಾನು ಎಳೆಯ ಗಿಡಕ್ಕೆ ಕತ್ತರಿ ಹಾಕಿಲ್ಲ.

ಒಣಗಿದ್ದು, ರೋಗ ಬಂದದ್ದು, ಒಂದಕ್ಕೊಂದು ಉಜ್ಜುವ ರೆಂಬೆ ತೆಗೆಯಬಹುದು. ಕಾಂಡ ಬಾಗುತ್ತಿದ್ದರೆ ಕೋಲು ಕೊಟ್ಟು ಸಡಿಲವಾಗಿ ಕಟ್ಟಿ. ಆಮೇಲೆ ಅದನ್ನು ಅದರ ಪಾಡಿಗೆ ಬಿಡಿ. ಕುಂಡ ಇಕ್ಕಟ್ಟಾಗಿ ಬೇರು ಸುತ್ತಿಕೊಂಡರೂ ಬೆಳವಣಿಗೆ ನಿಲ್ಲುತ್ತದೆ, ಬಾಲ್ಯ ಉದ್ದವಾಗುತ್ತದೆ. ವರ್ಷಕ್ಕೊಮ್ಮೆ ಒಂದು ಅಳತೆ ದೊಡ್ಡ ಕುಂಡಕ್ಕೆ ಬದಲಿಸಿ.

ಎಲೆಯ ಮೇಲೆ ಬೆಳ್ಳಿ ಗೆರೆ, ಹಕ್ಕಿ ಹಿಕ್ಕೆಯಂಥ ಹುಳು. ಔಷಧಿ ಬೇಕಾ?

ಬೆಳ್ಳಿ ಗೆರೆ ರಂಗೋಲಿ ಹುಳುವಿನದು. ಅದು ಎಳೆ ಎಲೆಯ ಪದರದೊಳಗೆ ಸುರಂಗ ಕೊರೆಯುತ್ತದೆ. ನೋಡಲು ಕೆಟ್ಟದಾಗಿ ಕಂಡರೂ ದೊಡ್ಡ ಗಿಡಕ್ಕೆ ಅಷ್ಟು ತೊಂದರೆ ಇಲ್ಲ. ಎಳೆ ಸಸಿಗೆ ಚಿಗುರು ಬರುವ ಹೊತ್ತಿನಲ್ಲಿ ಬೇವಿನ ಎಣ್ಣೆ ಸಿಂಪಡಿಸಿದರೆ ಸಾಕು. ಸುರುಟಿದ ಎಲೆಗಳನ್ನು ಕೀಳಬೇಡಿ, ಉಳಿದ ಹಸಿರು ಇನ್ನೂ ಕೆಲಸ ಮಾಡುತ್ತಿರುತ್ತದೆ.

ಹಿಕ್ಕೆಯಂಥ ಹುಳು ಚಿಟ್ಟೆಯ ಮರಿ. ಮುಟ್ಟಿದರೆ ತಲೆಯ ಹಿಂದಿನಿಂದ ಎರಡು ಕೊಂಬು ಹೊರಚಾಚಿ ವಾಸನೆ ಬಿಡುತ್ತದೆ. ಪುಟ್ಟ ಸಸಿಯನ್ನು ಎರಡು ದಿನದಲ್ಲಿ ಬೋಳು ಮಾಡಬಲ್ಲದು, ಹಾಗಾಗಿ ಸಸಿಯ ಮೇಲಿದ್ದರೆ ಕೈಯಿಂದ ತೆಗೆದು ದೊಡ್ಡ ಗಿಡಕ್ಕೆ ಬಿಡಿ. ದೊಡ್ಡ ಮರ ನಾಲ್ಕು ಎಲೆ ಕೊಟ್ಟರೆ ಏನೂ ಕಳೆದುಕೊಳ್ಳುವುದಿಲ್ಲ, ಚಿಟ್ಟೆಗಳು ನಮ್ಮ ತೋಟಕ್ಕೇ ಬರುತ್ತವೆ.

ಇರುವೆ ಸಾಲಾಗಿ ಹತ್ತುತ್ತಿದ್ದರೆ ಮೇಲೆ ಹೇನು, ಹಿಟ್ಟು ತಿಗಣೆ ಅಥವಾ ಶಲ್ಕ ಕೀಟ ಇದೆ ಎಂದರ್ಥ. ಇವು ಸುರಿಸುವ ಸಿಹಿಗಾಗಿ ಇರುವೆಗಳು ಅವುಗಳನ್ನು ಕಾಯುತ್ತವೆ. ಇರುವೆಯನ್ನು ತಡೆದರೆ ಅರ್ಧ ಕೆಲಸ ಮುಗಿದ ಹಾಗೆ.

ಹೆದರಬೇಕಾದ ಕೀಟ ಸಿಲ್ಲಿಡ್. ಎಳೆ ಚಿಗುರಿನ ಮೇಲೆ ಬಾಲ ಎತ್ತಿ ಓರೆಯಾಗಿ ಕೂರುವ ಸಣ್ಣ ಕಂದು ಕೀಟ. ಇದು ಗ್ರೀನಿಂಗ್ ರೋಗದ ಬ್ಯಾಕ್ಟೀರಿಯಾ ಹರಡುತ್ತದೆ. 2005ರಲ್ಲಿ ಫ್ಲೋರಿಡಾದಲ್ಲಿ ಪತ್ತೆಯಾದ ಮೇಲೆ ಅಲ್ಲಿನ ಕಿತ್ತಳೆ ತೋಟಗಳನ್ನು ಈ ರೋಗ ನೆಲಕಚ್ಚಿಸಿತು. ಎಲೆಯ ಎಡ ಬಲ ಒಂದೇ ಸಮ ಇಲ್ಲದ ಹಳದಿ ಮಚ್ಚೆ, ಸೊಟ್ಟಗಿನ ಸಣ್ಣ ಹಣ್ಣು ಇದರ ಗುರುತು. ಮರಕ್ಕೆ ಇದು ಬಂತೆಂದು ಖಚಿತವಾದರೆ ಗುಣಪಡಿಸುವ ಔಷಧಿ ಇಲ್ಲ. ಕಿತ್ತು ಹಾಕುವುದೇ ಉಳಿದ ಮರಗಳಿಗೆ ಕ್ಷೇಮ.

ಕುಂಡದಿಂದ ನೆಲಕ್ಕೆ ಯಾವಾಗ? ಹೇಗೆ?

ಗಿಡ ಎರಡು ಅಡಿ ದಾಟಿ, ಕಾಂಡ ಪೆನ್ಸಿಲ್ ದಪ್ಪ ಬಂದ ಮೇಲೆ. ಬೀಜದ ಮರ ಕಸಿ ಮರಕ್ಕಿಂತ ಎತ್ತರ ಬೆಳೆಯುತ್ತದೆ. ಸಿಹಿ ಕಿತ್ತಳೆಗೆ ಐದಾರು ಮೀಟರ್ ಜಾಗ ಬಿಡಿ.

ನೆಡುವಾಗ ಒಂದು ವಿಷಯ ಮರೆಯಬೇಡಿ. 1830 ಮತ್ತು 1840ರ ದಶಕಗಳಲ್ಲಿ ಅಟ್ಲಾಂಟಿಕ್ ಸಾಗರದ ಅಜೋರ್ಸ್ ದ್ವೀಪಗಳಲ್ಲಿ ಬೀಜದಿಂದ ಬೆಳೆದ ಸಿಹಿ ಕಿತ್ತಳೆ ಮರಗಳು ಬುಡ ಕೊಳೆತು, ಅಂಟು ಸೋರಿ ಸತ್ತವು. ಕಾರಣ ಫೈಟಾಫ್ತೊರ ಎಂಬ ಸೂಕ್ಷ್ಮಜೀವಿ. ಸಿಹಿ ಕಿತ್ತಳೆಯ ಬೇರಿಗೆ ಇದನ್ನು ತಡೆಯುವ ಶಕ್ತಿ ಕಡಿಮೆ. ರೋಗ ತಡೆಯುವ ಬೇರಿನ ಮೇಲೆ ಕಸಿ ಮಾಡುವ ಪದ್ಧತಿ ಬಲಗೊಂಡದ್ದು ಆಮೇಲೆ. ನಮ್ಮ ಬೀಜದ ಮರ ಸ್ವಂತ ಬೇರಿನ ಮೇಲೆ ನಿಂತಿರುತ್ತದೆ. ಆದ್ದರಿಂದ ಬುಡ ಒಣಗಿರಬೇಕು. ಕುಂಡದಲ್ಲಿದ್ದ ಮಟ್ಟಕ್ಕಿಂತ ಆಳ ನೆಡಬೇಡಿ, ಒಂದೆರಡು ಬೆರಳು ಎತ್ತರದಲ್ಲೇ ಇರಲಿ. ನೆಲ ಜೌಗಾಗಿದ್ದರೆ ಮಣ್ಣು ಏರಿಸಿ ದಿಬ್ಬದ ಮೇಲೆ ನೆಡಿ. ನೀರಿನ ಪಾತಿಯನ್ನು ಕಾಂಡದಿಂದ ದೂರ ಮಾಡಿ. ಒಣ ಎಲೆಯ ಹೊದಿಕೆಯನ್ನೂ ಕಾಂಡಕ್ಕೆ ತಾಗಿಸದೆ ಒಂದು ಗೇಣು ಬಿಟ್ಟು ಹರಡಿ.

ಅಷ್ಟು ವರ್ಷ ಕಾಯಲು ಆಗುವುದಿಲ್ಲ. ಬೇರೆ ದಾರಿ ಇದೆಯಾ?

ಇದೆ. ನಿಮ್ಮ ಸಸಿಯನ್ನೇ ಬೇರಿನ ಗಿಡವಾಗಿ ಬಳಸಿ, ಹಣ್ಣು ಬಿಡುತ್ತಿರುವ ಆರೋಗ್ಯವಾದ ಮರದಿಂದ ಕಣ್ಣು ತಂದು ಕಣ್ಣು ಕಸಿ ಮಾಡಿ. ಕಾಂಡ ಪೆನ್ಸಿಲ್ ದಪ್ಪ ಇರಬೇಕು, ತೊಗಟೆ ಸುಲಭವಾಗಿ ಬಿಡಿಸಿಕೊಳ್ಳುವ ಚಿಗುರಿನ ಕಾಲವಾಗಿರಬೇಕು. ನೆಲದಿಂದ ಒಂದು ಗೇಣು ಮೇಲೆ ಕಟ್ಟಿದರೆ ಎರಡು ಮೂರು ವಾರದಲ್ಲಿ ಕೂಡಿಕೊಳ್ಳುತ್ತದೆ. ಎರಡು ಮೂರು ವರ್ಷದಲ್ಲಿ ಹಣ್ಣು. ಎಳೆ ಸಸಿಯ ಕಣ್ಣನ್ನು ದೊಡ್ಡ ಮರಕ್ಕೆ ಕಸಿ ಮಾಡಿದರೆ ಬೇಗ ಹೂ ಬರುತ್ತದೆ ಎಂದುಕೊಳ್ಳಬೇಡಿ. ಕಣ್ಣು ತನ್ನ ಎಳೆತನವನ್ನು ಜೊತೆಗೇ ತರುತ್ತದೆ.

ಕಸಿಗೆ ಕಣ್ಣು ತರುವಾಗ ಮರ ಚೆನ್ನಾಗಿ ನೋಡಿ ಆರಿಸಿ. ಟ್ರಿಸ್ಟೆಜಾದಂಥ ವೈರಸ್ ಬೀಜದಲ್ಲಿ ಹರಡುವುದಿಲ್ಲ, ಕಸಿ ಕಣ್ಣಿನಲ್ಲಿ ಹರಡುತ್ತದೆ. ಬೀಜದ ಗಿಡದ ದೊಡ್ಡ ಲಾಭಗಳಲ್ಲಿ ಇದೂ ಒಂದು.

ಕೊನೆಗೂ ಹೂ ಬಂತು, ಎಲ್ಲ ಉದುರುತ್ತಿದೆ!

ಗಾಬರಿ ಬೇಡ. ಈ ಮರಗಳಲ್ಲಿ ನೂರು ಹೂವಿಗೆ ಒಂದೆರಡು ಹಣ್ಣಾದರೆ ಅದೇ ಸರಿಯಾದ ಲೆಕ್ಕ. ಮೊದಲ ವರ್ಷ ಒಂದೂ ನಿಲ್ಲದಿರಬಹುದು. ಹೂವಿನ ಹೊತ್ತಿನಲ್ಲಿ ಮಣ್ಣು ಪೂರ್ತಿ ಒಣಗಲು ಬಿಡಬೇಡಿ. ಹೆಚ್ಚಿನ ಜಾತಿಗಳಿಗೆ ಜೊತೆ ಮರ ಬೇಕಿಲ್ಲ. ಚಕ್ಕೋತ ಮತ್ತು ಕ್ಲೆಮಂಟೈನ್‌ಗೆ ಮಾತ್ರ ಹತ್ತಿರದಲ್ಲಿ ಬೇರೆ ತಳಿ ಇದ್ದರೆ ಫಲ ಚೆನ್ನಾಗಿ ಕಟ್ಟುತ್ತದೆ.

ಮೊದಲ ಹಣ್ಣು ಸಿಪ್ಪೆ ದಪ್ಪ, ರಸ ಇಲ್ಲ. ಇಷ್ಟು ವರ್ಷ ಸಾಕಿದ್ದು ವ್ಯರ್ಥ ಆಯಿತಾ?

ಆಗಲಿಲ್ಲ. ಎಳೆ ಮರದ ಮೊದಲ ಹಣ್ಣುಗಳಿಗೆ ಸಿಪ್ಪೆ ದಪ್ಪ, ರಸ ಕಡಿಮೆ ಇರುವುದು ಮಾಮೂಲು. ಮುಂದಿನ ಮೂರು ನಾಲ್ಕು ಬೆಳೆಯಲ್ಲಿ ಸಿಪ್ಪೆ ತೆಳುವಾಗುತ್ತದೆ, ರಸ ತುಂಬುತ್ತದೆ. ಇನ್ನೊಂದು ಮಾತು, ಕಿತ್ತಳೆ ಮೋಸಂಬಿ ಕಿತ್ತ ಮೇಲೆ ಮಾವಿನ ಹಾಗೆ ಮಾಗಿ ಸಿಹಿಯಾಗುವುದಿಲ್ಲ. ಬಣ್ಣ ನೋಡಿ ಅವಸರದಲ್ಲಿ ಕೀಳಬೇಡಿ. ಒಂದು ಹಣ್ಣು ಕಿತ್ತು ತಿಂದು ನೋಡಿ, ಹುಳಿ ಇದ್ದರೆ ಉಳಿದದ್ದನ್ನು ಇನ್ನೂ ಎರಡು ವಾರ ಮರದಲ್ಲೇ ಬಿಟ್ಟು ಮತ್ತೊಂದು ಕೀಳಿ.